ತೃಪ್ತ ಗ್ರಾಹಕನಿಗೆ ಶಾಲು

ಕೂದಲಲ್ಲ, ದಾರವಿರಬಹುದು. ಕಾರ್ಖಾನೆಯಲ್ಲಿ ಒಳಗಿನ ಮೆತ್ತೆ ಹೊಲಿಯುವಾಗ ಉಳಿದ ತುಂಡು ದಾರ. ಹೊಸ ಅಂಗಿಯ ಜೇಬಿನಲ್ಲೂ ಅಂಥದ್ದು ಸಿಗುತ್ತದಲ್ಲ. ಆದರೆ ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕೆಂಪಗೆ ಇರುವ ದಾರವನ್ನು ಯಾವ ಕಾರ್ಖಾನೆಯವರು ತರಿಸುತ್ತಾರೆ? ಹಾಗಾದರೆ ಕೆಲಸದವರ ಕೂದಲಿರಬಹುದು, ಡಬ್ಬಿಗೆ ತುಂಬುವಾಗ ಉದುರಿದ್ದು. ಉದುರಿದ್ದಾದರೆ ಮೇಲೆ ಬಿದ್ದಿರಬೇಕಿತ್ತು. ಮೆತ್ತೆಯ ಅಡಿಗೆ ಹೋಗಿ ಅಂಟಿಕೊಂಡದ್ದು ಹೇಗೆ?

ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತ ಅಂಬರೇಶ ತೊಡೆಯ ಮೇಲಿನ ಡಬ್ಬಿಯನ್ನು ಮುಚ್ಚಿದ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದ. ಶಹಾಬಾದಿನಿಂದ ಬೆಳಗಿನ ಗಾಡಿಗೆ ಬಂದಿದ್ದ. ಚಿತ್ತಾಪುರದ ಕಡೆ ಹೋಗುವ ಪ್ಯಾಸೆಂಜರ್ ಇನ್ನೂ ಬಂದಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಕುದುರೆ ಸವಾರರು ಹಾಕಿಕೊಳ್ಳುವ ಕಪ್ಪು ಹೆಲ್ಮೆಟ್. ಚಿತ್ತಾಪುರದಲ್ಲಿ ದೂರು ಕೊಟ್ಟ ಗ್ರಾಹಕನೊಬ್ಬನಿಗೆ ಹಳೆಯದರ ಬದಲು ಕೊಡಬೇಕಾದ ಹೊಸ ಹೆಲ್ಮೆಟ್. ಹೊಸದು ಎಂದು ಹೇಳಿಯೇ ನಿನ್ನೆ ಸೇಡಂ ಕಚೇರಿಯಲ್ಲಿ ಮ್ಯಾನೇಜರ್ ರತ್ನದೀಪ ಅವನ ಕೈಗೆ ಕೊಟ್ಟಿದ್ದರು.

ಅವನು ಮೆತ್ತೆಯ ಅಂಚನ್ನು ಉಗುರಿನಿಂದ ಎತ್ತಿದ. ಅದು ಸುಲಭವಾಗಿ ಎದ್ದಿತು. ಒಳಗೆ ಥರ್ಮಾಕೋಲಿನಂಥ ಬಿಳಿಯ ದಪ್ಪ ಪದರು. ಬಿದ್ದಾಗ ಆ ಪದರು ತಾನು ಅಪ್ಪಚ್ಚಿಯಾಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಪೆಟ್ಟು ತಿಂದರೆ ಅದರ ಕೆಲಸ ಮುಗಿಯಿತು, ಇನ್ನೊಂದು ಪೆಟ್ಟನ್ನು ಅದು ತಡೆಯುವುದಿಲ್ಲ. ಕೆಲಸಕ್ಕೆ ಸೇರಿದಾಗ ಇದನ್ನು ಅವನಿಗೆ ಕಲಿಸಿದ್ದರು, ಗ್ರಾಹಕರಿಗೆ ಹೇಳಿ ಹೊಸದನ್ನು ಮಾರಲಿಕ್ಕೆ. ಈ ಪದರಿನಲ್ಲಿ, ಕಿವಿಯ ಮೇಲ್ಭಾಗಕ್ಕೆ ಬರುವ ಕಡೆ, ಕುಡುಗೋಲಿನಂತೆ ಬಾಗಿದ ಬಿರುಕೊಂದಿತ್ತು. ಬಿರುಕಿನ ತುಂಬ ಅಂಟು ಸುರಿದು ಒರೆಸಿದ್ದರು. ಮೂಗಿನ ಹತ್ತಿರ ತಂದರೆ ಅಂಟಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ, ಯಾರದೋ ಬೆವರು, ಯಾರದೋ ತಲೆಯ ಕೊಬ್ಬರಿ ಎಣ್ಣೆ.

ಯಾರದೋ ಏನು, ದತ್ತುವಿನದು. ಆ ಬಿರುಕನ್ನು ಅವನು ಮೊದಲೂ ನೋಡಿದ್ದ, ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ, ದತ್ತುವಿನ ಮನೆಯ ಕಟ್ಟೆಯ ಮೇಲೆ. ದತ್ತು ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ನರೆತ ತಲೆಗೆ ಮೆಹಂದಿ ಹಚ್ಚುತ್ತಿದ್ದ. ಕುದುರೆಯಿಂದ ಬಿದ್ದಾಗ ಗದ್ದದ ಪಟ್ಟಿ ಮೊಳೆಯ ಸಮೇತ ಕಿತ್ತು ಬಂದು, ಹೆಲ್ಮೆಟ್ ಜಾರಿ ತಲೆಗೂ ನೆಲಕ್ಕೂ ನಡುವೆ ಓರೆಯಾಗಿ ಸಿಕ್ಕಿ ಬಿರುಕು ಬಿಟ್ಟಿತ್ತು. ಅದನ್ನು ವಾಪಸು ತರಲು ಅಂಬರೇಶ ಹೋದಾಗ ದತ್ತು ಮಾತಾಡುತ್ತ ಮಾತಾಡುತ್ತ ನಡುವೆ ಎಲ್ಲೋ ಹೋಗಿಬಿಡುತ್ತಿದ್ದ. ಹೆಂಡತಿ ಚಂದಮ್ಮ ಅವನ ಮೊಣಕಾಲು ತಟ್ಟಿ ಕರೆತರುತ್ತಿದ್ದಳು. "ತಪಾಸಣೆಗೆ ಕಳಿಸುತ್ತೇವೆ" ಎಂದು ಅಂಬರೇಶ ಆ ಹೆಲ್ಮೆಟ್ಟನ್ನು ಎತ್ತಿಕೊಂಡು ಬಂದಿದ್ದ. ತಪಾಸಣೆ ಎಂದರೆ ಏನೆಂಬುದು ಈಗ ತೊಡೆಯ ಮೇಲಿತ್ತು.

ಪ್ಯಾಸೆಂಜರ್ ಬಂತು. ಡಬ್ಬಿ ಮುಚ್ಚಿಕೊಂಡು ಹತ್ತಿದ.

ಅವನ ಕಂಪನಿ ಸಿಮೆಂಟ್ ಕಾರ್ಖಾನೆಗಳ ಕೂಲಿಯವರಿಗೆ ಹಳದಿ ತಲೆಟೋಪಿ ಮಾರುವುದು. ಅದಕ್ಕೇ ಸೇಡಂನಲ್ಲಿ ಕಚೇರಿ. ಕುದುರೆ ಹೆಲ್ಮೆಟ್ಟು ಆಮೇಲೆ ಬಂದದ್ದು. ಈ ಸೀಮೆಯಲ್ಲಿ ಮದುವೆಗೆ ಕುಣಿಯುವ ಕುದುರೆಗಳಿಗೆ ಬೇಡಿಕೆ ಹೆಚ್ಚಿತ್ತು. ಡೋಲಿನ ಪೆಟ್ಟಿಗೆ ಮುಂಗಾಲು ಎತ್ತಿ ನಿಲ್ಲುವ ಹೆಣ್ಣುಕುದುರೆ ಬೇಕು ಎಂದು ಬೀಗರೇ ಕೇಳುತ್ತಿದ್ದರು. ಹಾಗೆ ಕಲಿಸುವವರು ಬೀಳುತ್ತಲೂ ಇದ್ದರು. ರತ್ನದೀಪ ಊರೂರಿಗೆ ಹೋಗಿ, ಕುದುರೆಯವರನ್ನು ಸೇರಿಸಿ, ಹೆಲ್ಮೆಟ್ಟನ್ನು ನೆಲಕ್ಕೆ ಬೋರಲು ಹಾಕಿ, ಅದರ ಮೇಲೆ ತೆಂಗಿನಕಾಯಿ ಒಡೆದು ತೋರಿಸುತ್ತಿದ್ದರು. ಕಾಯಿ ಹೋಳಾಗುತ್ತಿತ್ತು, ಹೆಲ್ಮೆಟ್ಟಿಗೆ ಗೆರೆಯೂ ಬೀಳುತ್ತಿರಲಿಲ್ಲ. ಜನ ಕೊಬ್ಬರಿ ತಿನ್ನುತ್ತ ಕೊಂಡುಕೊಂಡರು. ಪಟ್ಟಿಯನ್ನು ಎಳೆದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಾಯಿಗೆ ಗದ್ದವಿರುವುದಿಲ್ಲ.

ದೂರುಗಳು ಶುರುವಾದಾಗ ಅವನ್ನು ಕೇಳಿಸಿಕೊಳ್ಳಲು ಅಂಬರೇಶನನ್ನು ತೆಗೆದುಕೊಂಡರು. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಶಹಾಬಾದಿನ ಮನೆಯಲ್ಲಿ ಸುಮ್ಮನೆ ಕೂತವನು. ಸುಮ್ಮನೆ ಕೇಳಿಸಿಕೊಳ್ಳುವುದು ಅವನಿಗೆ ಬರುತ್ತಿತ್ತು. ರತ್ನದೀಪ ಕೆಲಸ ಕಲಿಸಿದ್ದರು: "ಮೊದಲ 'ನೀವು ಪಟ್ಟಿ ಸರಿಯಾಗಿ ಹಾಕಿದ್ದಿಲ್ಲ' ಅನ್ನು. ಅದಕ್ಕ ಬಗ್ಗಿದರ ಅಲ್ಲಿಗೇ ಮುಗೀತು. ಬಗ್ಗಲಿಲ್ಲಂದ್ರ ಸನ್ಮಾನ." ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಬದಲಿ ಹೆಲ್ಮೆಟ್, 'ತೃಪ್ತ ಗ್ರಾಹಕರಿಗೆ ಸನ್ಮಾನ' ಎಂಬ ಬ್ಯಾನರಿನ ಮುಂದೆ ಒಂದು ಫೋಟೋ. ಕೊರಳಿಗೆ ಹಾರ ಬಿದ್ದ ಮೇಲೆ ಮನುಷ್ಯನಿಗೆ ಬೈಯಲು ಬಾಯಿ ಬರುವುದಿಲ್ಲ. ಇದು ರತ್ನದೀಪರಿಗೆ ಚೆನ್ನಾಗಿ ಗೊತ್ತಿತ್ತು. ದತ್ತುವೂ ಶಾಲು ಹೊದ್ದಿದ್ದ. ಹೊದ್ದು, ಇದು ಯಾರ ಮದುವೆ ಎಂದು ಚಂದಮ್ಮನನ್ನು ಕೇಳಿದ್ದ.

ಈ ಹೆಲ್ಮೆಟ್ ಹೋಗಬೇಕಾದ ಚಿತ್ತಾಪುರದ ನಯೀಮನೂ ಮೊದಲನೆಯ ಮಾತಿಗೆ ಬಗ್ಗಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿದ. ಬೈಯುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದ. ಅಂಬರೇಶ ತನ್ನ ಪಾಠ ಒಪ್ಪಿಸುತ್ತಿದ್ದ. ಆ ಕಡೆಯಿಂದ ಕುದುರೆ ಮೂಗು ಸೀನುವುದು ಕೇಳುತ್ತಿತ್ತು. ಕೊನೆಗೆ ಸನ್ಮಾನಕ್ಕೆ ದಿನ ಗೊತ್ತಾಯಿತು. "ಹಳೇ ಹೆಲ್ಮೆಟ್ ಮಾತ್ರ ನೀವು ವಾಪಸ್ ಕೊಡಬೇಕಾಗ್ತದ" ಎಂದು ಅಂಬರೇಶ ಹೇಳಿದ್ದ.

ಆ ಮಾತಿನ ಹಿಂದೆ ಅವನದೊಂದು ಗುಟ್ಟಿನ ಲೆಕ್ಕಾಚಾರವೂ ಇತ್ತು. ಹರಿದ ಪಟ್ಟಿಯ, ಕಿತ್ತ ಮೊಳೆಯ ಫೋಟೋ ತೆಗೆದು ನಯೀಮನ ಫೋನಿಗೇ ಹಾಕಿಬಿಡುವುದು; ಗ್ರಾಹಕರ ನ್ಯಾಯಾಲಯ ಅಂತ ಒಂದಿದೆ, ಅಲ್ಲಿ ತೋರಿಸು ಎಂದು ಹೊರಗೆ ಬಂದ ಮೇಲೆ ಫೋನಿನಲ್ಲಿ ಹೇಳುವುದು. ಅವನ ಧೈರ್ಯ ಅಷ್ಟೇ ದೊಡ್ಡದಿತ್ತು. ರೈಲಿನ ಕಿಟಕಿಯ ಪಕ್ಕ ಕುಳಿತು ಅವನು ಅದನ್ನೇ ನೆಚ್ಚಿಕೊಂಡ. ಮೊದಲು ಪಟ್ಟಿಯ ಫೋಟೋ, ಆಮೇಲೆ ನೋಡೋಣ.

ಚಿತ್ತಾಪುರ ಸ್ಟೇಷನ್ನಿನ ಹೊರಗೆ ರತ್ನದೀಪ ಕಾರಿಗೆ ಒರಗಿ ನಿಂತು, ಬಂಡಿಯವನ ಕೈಯಿಂದ ಬಿಸಿ ಮಿರ್ಚಿ ಭಜಿ ತೆಗೆದುಕೊಂಡು ತಿನ್ನುತ್ತಿದ್ದರು. ನಾಲ್ಕೂರಿನಲ್ಲಿ ನಗುಮುಖದ ಮನುಷ್ಯ ಎಂದು ಹೆಸರು ಅವರಿಗೆ.

"ಬಾ ಬಾ, ಎಂ.ಎ. ಸಾಹೇಬ. ತಗೋ, ಭಾಳ ಛಲೋ ಅದಾವ."

"ಬ್ಯಾಡ್ರಿ. ಸರ್, ಇದು ಹೊಸದಲ್ರಿ."

"ಯಾವುದು, ಮಿರ್ಚಿ?"

"ಹೆಲ್ಮೆಟ್ರಿ. ಇದು ಚಿಮ್ಮನಚೋಡದ ದತ್ತುಂದು. ಒಳಗ ಬಿರುಕು ಹಂಗೇ ಅದ, ಅಂಟು ಹಚ್ಯಾರ. ಅವನ ಕೂದಲ ಸೈತ ಅದ ನೋಡ್ರಿ."

ರತ್ನದೀಪ ಡಬ್ಬಿಯೊಳಗೆ ನೋಡಲಿಲ್ಲ. ಎಣ್ಣೆ ಬೆರಳುಗಳನ್ನು ಕಾಗದಕ್ಕೆ ಒರೆಸುತ್ತ, "ಕೂದಲ ತಗದು ಒಗಿ" ಎಂದರು.

"ಪಟ್ಟಿಗೂ ಅದೇ ನಮೂನಿ ಮೊಳಿ ಹಾಕ್ಯಾರ್ರಿ."

"ಹೊಸದು ಅಂದ್ರ ಏನಪಾ? ನೀ ಬಂದಿ ರೈಲಿನ್ಯಾಗ, ನೀ ಕುಂತ ಸೀಟು ಹೊಸದಿತ್ತೇನು? ದವಾಖಾನಿ ಮಂಚ ಹೊಸದಿರ್ತದೇನು? ಡಬ್ಬಿ ಹೊಸದು, ಬಣ್ಣ ಹೊಸದು. ನಾವು ಹೊಸದು ಅಂದ್ರ ಹೊಸದು."

"ತಲಿ ಬ್ಯಾರೆದಿರ್ತದಲ್ರಿ, ಸರ್."

ರತ್ನದೀಪ ಮನಸಾರೆ ನಕ್ಕರು. "ಭಾಳ ಛಂದ ಅಂದಿ. ಇದನ್ನ ಬ್ಯಾನರಿಗೆ ಬರಸೂಣು." ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, ದನಿ ಇಳಿಸಿದರು. "ಮುಂದಿನ ತಿಂಗಳು ನಿಂದು ಕಾಯಂ ಆಗೂದದ. ಶ್ರುತಿ ಅಪ್ಪ ನನಗ ಫೋನ್ ಮಾಡಿದ್ದ, ಗೊತ್ತದೇನು? ಹುಡುಗ ಹ್ಯಾಂಗ ಅಂದ. ಮಾತು ಕಮ್ಮಿ, ಬಂಗಾರದಂಥಾ ಹುಡುಗ ಅಂದೀನಿ. ಕಾಯಂ ಆದ್ರ ತಾರೀಖು ಹಿಡೀತಾರಂತ. ಮಾತು ಕಮ್ಮೀನೇ ಇರ್ಲಿ, ತಮ್ಮಾ."

ಶ್ರುತಿ ಸೇಡಂನ ಹುಡುಗಿ, ಅಂಬರೇಶನಿಗೆ ಗೊತ್ತು ಮಾಡಿದ್ದವಳು. ಅವಳನ್ನು ಅವನು ಕಂಡದ್ದು ಒಮ್ಮೆ ಮಾತ್ರ, ಅವಳ ಹೆಸರನ್ನು ಮಿರ್ಚಿಯ ಎಣ್ಣೆ ಮೆತ್ತಿದ ಬಾಯಿಂದ ಕೇಳುವುದು ಅವನಿಗೆ ಬೇಕಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮೆತ್ತೆಯ ಅಡಿಯಿಂದ ಕೂದಲನ್ನು ಹಿಡಿದೆಳೆದ. ಅದು ಬರಲಿಲ್ಲ, ಅಂಟಿನಲ್ಲಿ ಕೂತಿತ್ತು. ಉಗುರು ಹಾಕಿ ಕೆರೆದ. ಕಿಟಕಿಯ ಹೊರಗೆ ಕೊಡವಿದ. ದಾರಿಯುದ್ದಕ್ಕೂ ಎರಡು ಬೆರಳುಗಳನ್ನು ಪ್ಯಾಂಟಿಗೆ ತಿಕ್ಕುತ್ತಲೇ ಇದ್ದ. ತಾನು ಮಾಡಿದ ಕೆಲಸ ತೀರ ಅಚ್ಚುಕಟ್ಟಾಗಿತ್ತು ಎನ್ನುವುದೇ ಅವನಿಗೆ ಹೇಸಿಗೆ ತಂದಿತು.

ನಯೀಮನ ಮನೆ ಊರ ಹೊರಗೆ, ದಂಡೋತಿಗೆ ಹೋಗುವ ರಸ್ತೆಯಲ್ಲಿ. ಅಂಗಳಕ್ಕೆಲ್ಲ ಶಹಾಬಾದಿನ ಫರಸಿ ಕಲ್ಲು ಹಾಸಿದ್ದರು. ತುದಿಗೆ ತಗಡಿನ ಚಪ್ಪರ, ಅದರ ಕೆಳಗೆ ಬೂದುಬಣ್ಣದ ಕುದುರೆ ಮುನ್ನಿ ಕಾಲ್ಗೆಜ್ಜೆ ಕಟ್ಟಿಕೊಂಡು ಮೇಯುತ್ತಿತ್ತು. ಇದೇ ಫರಸಿಯ ಮೇಲೆ ನಯೀಮ ಬಿದ್ದದ್ದು. ಮುನ್ನಿ ಮುಂಗಾಲು ಎತ್ತಿ ನಿಂತಾಗ ಹಿಂದಕ್ಕೆ ಜಾರಿದ, ಪಟ್ಟಿ ಕಿತ್ತಿತು, ಹೆಲ್ಮೆಟ್ ಅವನಿಗಿಂತ ಮೊದಲೇ ಉರುಳಿ ಗೋಡೆ ಸೇರಿತು. ಈಗ ಅವನಿಗೆ ಎಡಗಿವಿ ಕೇಳುವುದಿಲ್ಲ, ನಿಂತರೆ ನೆಲ ತಿರುಗುತ್ತದೆ. ಕುದುರೆಯ ಮೇಲೆ ಕೂರುವ ಮಾತು ಮುಗಿದಿತ್ತು.

"ಬರ್ರಿ ಸಾಬ್, ಬರ್ರಿ ಅಣ್ಣಾ. ಈ ಕಡಿ ಕುಂದ್ರಿ" ಎಂದು ನಯೀಮ ಹೊರಸು ಮಂಚದ ಬಲಬದಿ ತೋರಿಸಿದ. "ಆ ಕಡಿ ಕಿವಿ ರಜಾ ಮ್ಯಾಲೆ ಅದ."

ರತ್ನದೀಪ ಕುರ್ಚಿ ಎಳೆದುಕೊಂಡು ಬಲಕ್ಕೆ ಕುಳಿತರು. ಅಂಬರೇಶ ತಿಳಿದೇ ಎಡಕ್ಕೆ ಹೋಗಿ ಕುಳಿತ.

"ಅವತ್ತು ಟೆಂಗಿನಕಾಯಿ ಒಡದಿದ್ರಲಾ ಸಾಬ್" ಎಂದ ನಯೀಮ ನಗುತ್ತ, "ಅದರ ಜೋಡಿ ನಂದೂ ಒಮ್ಮಿ ಕುಟ್ಟಿ ನೋಡಬೇಕಿತ್ತು. ಇಬ್ಬರಾಗ ಯಾರು ಗಟ್ಟಿ ಅಂತ ಅಲ್ಲೇ ತಿಳೀತಿತ್ತು."

"ದೇವರು ದೊಡ್ಡಾಂವ. ಉಳದೀರಲ್ಲ" ಎಂದರು ರತ್ನದೀಪ.

"ಹೌದ್ರಿ, ಅರ್ಧಾ ಉಳದೀನಿ."

ನಯೀಮನ ತಾಯಿ ಕಮರುನ್ನೀಸಾ ಒಗ್ಗರಣೆ ಮಂಡಕ್ಕಿಯ ಸುಸಲಾ ಹಾಕಿದ ತಟ್ಟೆಗಳನ್ನು ತಂದಿಟ್ಟಳು. ರತ್ನದೀಪ ಎದೆಯ ಮೇಲೆ ಕೈಯಿಟ್ಟುಕೊಂಡು, "ಇವತ್ತು ನಂದು ಉಪವಾಸ ಅದರಿ ಅಮ್ಮಾ, ನೀರು ಸೈತ ಮುಟ್ಟಂಗಿಲ್ಲ" ಎಂದರು. ಅವರ ಮೀಸೆಯ ತುದಿಯಲ್ಲಿ ಭಜಿಯ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಕಮರುನ್ನೀಸಾ ಆ ಮೀಸೆಯನ್ನು ನೋಡಿದಳು, ತಟ್ಟೆಯನ್ನು ತೆಗೆದುಕೊಂಡಳು. ಅಂಬರೇಶ ತನ್ನ ತಟ್ಟೆಯದನ್ನು ಬಾಯಿಗಿಟ್ಟ. ಒಂದೇ ತುತ್ತಿಗೆ ತಟ್ಟೆ ಕೆಳಗಿಟ್ಟ.

"ಖಾಲಾ, ಹಳೇ ಹೆಲ್ಮೆಟ್ ಎಲ್ಲದರಿ?" ಎಂದು ಕೇಳಿದ. ಜೇಬಿನಲ್ಲಿ ಫೋನನ್ನು ಹಿಡಿದುಕೊಂಡಿದ್ದ.

ಅವಳು ಒಳಗಿನಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅಂಬರೇಶನಿಗೆ ಮೊದಲು ಗುರುತೇ ಸಿಗಲಿಲ್ಲ. ಹೊಸದಕ್ಕಿಂತ ಹೊಸದಾಗಿ ಹೊಳೆಯುತ್ತಿತ್ತು, ಸೋಪಿನ ವಾಸನೆ ಬರುತ್ತಿತ್ತು. ಕಿತ್ತ ಪಟ್ಟಿ ತನ್ನ ಜಾಗದಲ್ಲಿತ್ತು. ದಪ್ಪ ದಾರದಲ್ಲಿ ಹೊಲಿದು, ಮೇಲೆ ಹಿತ್ತಾಳೆಯ ಮೊಳೆ ಬಡಿದಿತ್ತು. ಒಳಗೆ, ತಲೆ ಇರಬೇಕಾದ ಕಡೆ, ಬಿಳಿ ಬಟ್ಟೆಯ ಒಂದು ಗಂಟು.

"ಏನ್ ಮಾಡೀರಿ ಖಾಲಾ ಇದು?"

"ವಾಪಸ್ ಕೊಡಬೇಕು ಅಂದಿದ್ದೆಲಾ ಬೇಟಾ. ಮಂದಿ ಸಾಮಾನು ಹೊಲಸಾಗಿದ್ದು, ಹರದದ್ದು ಹ್ಯಾಂಗ ಕೊಡೂದು? ರಕ್ತ ಇತ್ತು ಒಳಗ. ಬಿಸಿನೀರಾಗ ಸೋಡಾ ಹಾಕಿ ತಿಕ್ಕೀನಿ. ಪಟ್ಟಿ ಬಸ್ ಸ್ಟ್ಯಾಂಡಿನ ಚಪ್ಪಲಿ ಹೊಲಿಯೋ ಮೋಚಿ ಹಂತ್ಯಾಕ ಹೊಲಿಸೀನಿ. ಖಾಲಿ ಕೊಡಬಾರದಂತ ಒಂದೀಟು ತೊಗರಿ ಬ್ಯಾಳಿ ಕಟ್ಟೀನಿ. ನಮ್ಮ ತಮ್ಮನ ಹೊಲದ್ದು, ಕಲ್ಲಿಲ್ಲ, ಹುಳ ಇಲ್ಲ."

ಜೇಬಿನಲ್ಲಿದ್ದ ಕೈಯನ್ನು ಅಂಬರೇಶ ಖಾಲಿ ತೆಗೆದ. ಫೋಟೋ ತೆಗೆಯಲು ಅಲ್ಲಿ ಈಗ ಏನೂ ಇರಲಿಲ್ಲ. ಕಂಪನಿಯ ಮೊಳೆ ಎಲ್ಲಿ ಸೋತಿತ್ತೋ ಅಲ್ಲಿ ಮೋಚಿಯ ಮೊಳೆ ಭದ್ರವಾಗಿ ಕೂತಿತ್ತು. ವಾಪಸ್ ಎಂದಿದ್ದ ಅವನು. ಹಾಗೆಯೇ ಇಡಿ, ಮುಟ್ಟಬೇಡಿ ಎಂದಿರಲಿಲ್ಲ. ಈ ಮನೆಯವರು ನೆರೆಯವರ ಪಾತ್ರೆ ಹೇಗೆ ಹಿಂದಿರುಗಿಸುತ್ತಾರೋ ಹಾಗೆ ಮಗನ ತಲೆ ಒಡೆದ ವಸ್ತುವನ್ನು ತೊಳೆದು, ತುಂಬಿ ಹಿಂದಿರುಗಿಸುತ್ತಿದ್ದರು.

ರತ್ನದೀಪರ ಮುಖದಲ್ಲಿ ಬೆಳಕು ಬಂತು. ಹೆಲ್ಮೆಟ್ಟನ್ನು ತಿರುಗಿಸಿ ನೋಡಿದರು, ಪಟ್ಟಿ ಎಳೆದು ನೋಡಿದರು, ಬೇಳೆಯ ಗಂಟನ್ನು ಕೈಯಲ್ಲಿ ತೂಗಿದರು. "ಎಂಥಾ ಸಂಸ್ಕಾರರಿ ನಿಮ್ದು. ಇಂಥಾ ಗ್ರಾಹಕರು ಎಲ್ಲಿ ಸಿಗ್ತಾರ? ನೋಡು ಅಂಬರೇಶ, ಪಟ್ಟಿ ಗಟ್ಟಿ ಅದ. ಎಲ್ಲಿ ಕಿತ್ತದ? ಎಲ್ಲೂ ಕಿತ್ತಿಲ್ಲ." ಆಮೇಲೆ ಗಂಟನ್ನು ಕಾರಿನ ಮುಂದಿನ ಸೀಟಿನಲ್ಲಿ ಇಟ್ಟು ಬಂದರು. ಬೇಯಿಸದ ಬೇಳೆಗೆ ಉಪವಾಸ ಅಡ್ಡ ಬರಲಿಲ್ಲ.

ಬ್ಯಾನರನ್ನು ಚಪ್ಪರದ ಕಂಬಕ್ಕೂ ಕಿಟಕಿಯ ಸರಳಿಗೂ ಕಟ್ಟಿದರು. ಹಾರ ಜರಿಯದು, ಬಾಡುವಂಥದ್ದಲ್ಲ. ದತ್ತುವಿನ ಕೊರಳಲ್ಲಿ ಅಂಬರೇಶ ಅದನ್ನು ಕಂಡಿದ್ದ. ನಯೀಮ ಕಂಬ ಹಿಡಿದು ಎದ್ದು ನಿಂತ. ಕೈ ಬಿಡಿ, ಕೈ ಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ ಎಂದರು ರತ್ನದೀಪ. ಅವನು ಬಿಟ್ಟ. ಅಲುಗಾಡಿದ. ತಂಗಿ ಜಬೀನ್ ಹಿಂದಿನಿಂದ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಫೋಟೋದಲ್ಲಿ ಕಾಣದ ಹಾಗೆ.

"ಸ್ವಲ್ಪ ನಗ್ರಿ."

"ಯಾವ ಕಡಿ ನಗ್ಲಿ ಸಾಬ್? ಒಂದು ಕಡಿ ಮಾರಿ ಇನ್ನೂ ಝುಮ್ ಅಂತದ."

"ನನ್ನ ಕಡಿ ನಗ್ರಿ."

ಅಂಬರೇಶ ಫೋಟೋ ತೆಗೆದ. ಪರದೆಯ ಮೇಲೆ ಶಾಲು, ಹಾರ, ಹಣ್ಣು, ನಗು ಎಲ್ಲವೂ ಸರಿಯಾಗಿದ್ದವು. ಕೆಟ್ಟದ್ದು ಏನೂ ಆಗದ ಮನೆಯಂತೆ ಕಾಣುತ್ತಿತ್ತು.

"ಈಗೊಂದು ಸಣ್ಣ ವಿಡಿಯೋ" ಎಂದರು ರತ್ನದೀಪ. "ಕಂಪನಿಯವರು ಭಾಳ ಛಲೋ ನೋಡಿಕೊಂಡ್ರು ಅಂತ ಎರಡು ಮಾತು."

ನಯೀಮ ಹೊರಸಿನ ಮೇಲೆ ಕುಸಿದು ಕುಳಿತ. ಶಾಲನ್ನು ಮಡಿಸಿ ಪಕ್ಕಕ್ಕಿಟ್ಟ. "ಹೇಳ್ತೀನ್ರಿ. ಅದಕ್ಕಿಂತ ಮದಲ ನನಗೊಂದು ಹೇಳ್ರಿ. ಫೋನಿನ್ಯಾಗ ಕೇಳಿ ಕೇಳಿ ಸಾಕಾಗ್ಯದ. ಅವತ್ತು ಪಟ್ಟಿ ನಾ ಸಡಿಲ ಹಾಕಿದ್ದೆನೊ, ಗಟ್ಟಿ ಹಾಕಿದ್ರೂ ಅದೇ ಕಿತ್ತು ಬಂತೊ?"

"ಅದೆಲ್ಲಾ ಈಗ್ಯಾಕ್ರಿ?"

"ಗಟ್ಟಿ ಹಾಕಿದ್ದೆ ಅಂತ ನನಗ ನೆನಪದ. ಆದ್ರ ತಲಿಗೆ ಪೆಟ್ಟು ಬಿದ್ದಾವನ ನೆನಪು, ಅದಕ್ಕೇನು ಕಿಮ್ಮತ್ತು? ತಪ್ಪು ನಂದೇ ಇದ್ದರ ಛಲೋನೇ ಆಯ್ತು. ಬರೋಬ್ಬರಿ ಹ್ಯಾಂಗ ಹಾಕೂದಂತ ಜಬೀನಗ ಕಲಸ್ತೀನಿ, ಆಕಿ ಮುನ್ನೀನ ನೋಡಿಕೋತಾಳ. ತಪ್ಪು ಹೆಲ್ಮೆಟ್ಟಿಂದಿದ್ದರ ಇವತ್ತಿಂದ ಆಕಿ ಘೋಡಿ ಹತ್ತಂಗಿಲ್ಲ."

"ನಾ ಹತ್ತಾಕಿನೇ" ಎಂದಳು ಜಬೀನ್. "ಹತ್ತಲಿಲ್ಲಂದ್ರ ಮೇವು ಯಾರು ತರ್ತಾರ? ನಿನ್ನ ಶಾಲು ತರ್ತದೇನು?"

"ನೀ ಸುಮ್ಮಕಿರು. ಸಾಬ್ ಹೇಳ್ಲಿ."

ರತ್ನದೀಪ ಅಂಬರೇಶನ ಕಡೆ ತಿರುಗಿದರು. ಮುಖದ ನಗು ಕದಲಲಿಲ್ಲ. "ನಾ ಹೇಳಿದ್ರ ವ್ಯಾಪಾರದಾಂವ ಅಂತೀರಿ. ಅಂಬರೇಶ ಹೇಳ್ತಾನ. ಓದಿದ ಹುಡುಗ, ನಿಮ್ಮ ಸೀಮಿಯಾಂವ. ಸುಳ್ಳು ಹೇಳೂದಿಲ್ಲ."

ನಯೀಮ ಹೊರಸಿನ ಮೇಲೆ ಪೂರ್ತಿ ತಿರುಗಿ ಕುಳಿತ. ಕೇಳುವ ಕಿವಿ ಈಗ ಅಂಬರೇಶನ ಕಡೆಗಿತ್ತು. ಕಮರುನ್ನೀಸಾ ಬಾಗಿಲಲ್ಲಿ ನಿಂತಿದ್ದಳು. ಮುನ್ನಿ ಕಾಲು ಬದಲಿಸಿತು, ಗೆಜ್ಜೆ ಒಮ್ಮೆ ಅಲುಗಿ ನಿಂತಿತು. ಅಂಬರೇಶನಿಗೆ ಮೌನವೆಂದರೆ ಚಿಕ್ಕಂದಿನಿಂದ ಇಷ್ಟ. ಅದರಲ್ಲಿ ಯಾರಿಗೂ ಕೇಡಾಗುವುದಿಲ್ಲ ಎಂದು ನಂಬಿ ಬೆಳೆದಿದ್ದ. ಈ ಮೌನದಲ್ಲಿ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಒಂದೇ ಒಂದು ಮಾತು ಸಾಕಿತ್ತು. ಆ ಮಾತಿನ ಜೊತೆಗೇ ಕೆಲಸ ಹೋಗುವುದು, ಸೇಡಂನಿಂದ ಬರುವ ಶ್ರುತಿಯ ಮನೆಯವರ ಫೋನ್ ನಿಲ್ಲುವುದು, ಶಹಾಬಾದಿನ ಮನೆಯ ಅದೇ ಕುರ್ಚಿ, ಎಲ್ಲವೂ ಕಂಡವು. ಕಂಡಾಗ ಹೆದರಿದ. ಹೆದರಿದಾಗ ಬಾಯಿಗೆ ಬಂದದ್ದು ದಿನವೂ ಫೋನಿನಲ್ಲಿ ಹೇಳಿ ಸವೆದ ಸಾಲು.

"ಪಟ್ಟಿ ಗಟ್ಟಿ ಹಾಕಿದ್ರ ಏನೂ ಆಗೂದಿಲ್ರಿ."

ಅಷ್ಟೇ. ನಯೀಮ ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಆದರೂ ನಯೀಮ ಅದನ್ನು ಉತ್ತರವೆಂದು ತೆಗೆದುಕೊಂಡ. ನಿಧಾನವಾಗಿ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟು ಬರುತ್ತದೆ, ದುಃಖ ಬರುತ್ತದೆ ಎಂದು ಅಂಬರೇಶ ಕಾದಿದ್ದ. ಬಂದದ್ದು ನೆಮ್ಮದಿ. ತಂಗಿಗೆ ಇನ್ನು ಭಯವಿಲ್ಲ ಎನ್ನುವ ನೆಮ್ಮದಿ. ಅದನ್ನು ನೋಡಲಾಗದೆ ಅಂಬರೇಶ ಫರಸಿಯ ಸಂದುಗಳನ್ನು ನೋಡಿದ.

"ಅಂದ್ರ ತಪ್ಪು ನಂದೇ" ಎಂದ ನಯೀಮ. "ಆಯ್ತು ಬಿಡ್ರಿ. ಇಷ್ಟು ದಿನ ನಿಮಗ ಸುಮ್ಮನ ತ್ರಾಸ ಕೊಟ್ಟೆ, ಅಣ್ಣಾ. ಮಾಫ್ ಮಾಡ್ರಿ."

ವಿಡಿಯೋದಲ್ಲಿ ಅವನು ರತ್ನದೀಪ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ. ಪಟ್ಟಿ ಸಡಿಲ ಹಾಕಿದ್ದು ತನ್ನದೇ ತಪ್ಪು, ಕಂಪನಿಯವರು ದೊಡ್ಡ ಮನಸ್ಸು ಮಾಡಿ ಮನೆಗೆ ಬಂದರು, ಎಲ್ಲರೂ ಹೆಲ್ಮೆಟ್ ಹಾಕಿ, ಗಟ್ಟಿಯಾಗಿ ಹಾಕಿ ಎಂದ. ಫೋನ್ ಹಿಡಿದಿದ್ದವನು ಅಂಬರೇಶ. ವಿಡಿಯೋ ಸ್ಪಷ್ಟವಾಗಿ ಬಂತು. ರತ್ನದೀಪ ಅದನ್ನು ಎರಡು ಸಲ ಹಾಕಿ ನೋಡಿದರು, ಅಲ್ಲಿಂದಲೇ ಯಾರಿಗೋ ಕಳಿಸಿದರು, ನಯೀಮನ ಕೊರಳಿನ ಹಾರವನ್ನು ಹಗುರವಾಗಿ ಎತ್ತಿ ತೆಗೆದು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಇದು ಕಂಪನಿ ಲೆಕ್ಕಕ್ಕ ಇರ್ತದ್ರಿ. ಶಾಲು ನಿಮ್ದೇ."

ಜಬೀನ್ ಡಬ್ಬಿಯಿಂದ ಹೊಸ ಹೆಲ್ಮೆಟ್ಟನ್ನು ತೆಗೆದಳು. ತಲೆಯ ದುಪಟ್ಟಾವನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಇಟ್ಟುಕೊಂಡಳು. "ಬಾ ಇಲ್ಲಿ" ಎಂದು ನಯೀಮ ಅವಳನ್ನು ಹತ್ತಿರ ಕೂರಿಸಿಕೊಂಡು ಪಟ್ಟಿ ಹಾಕುವುದನ್ನು ಕಲಿಸಿದ. ಗದ್ದದ ಕೆಳಗೆ ಒಂದು ಬೆರಳು ಮಾತ್ರ ಹೋಗಬೇಕು, ಎರಡು ಹೋದರೆ ಸಡಿಲ ಎಂದ. ತಾನೇ ಬೆರಳು ಹಾಕಿ ನೋಡಿದ. ಅವಳು ಕೆಮ್ಮಿ, "ಗಟ್ಟಿ ಅಂದ್ರ ಕೊರಳ ಹಿಚಗೂದಲ್ಲ" ಎಂದಳು.

"ಹಿಚಗಿದ್ರ ಉಳೀತಿ. ನನ್ನಂಗ ಮಾಡಬ್ಯಾಡ."

"ನಿನ್ನಂಗ ಬೀಳಾಕ ನನಗ ಬರೂದೂ ಇಲ್ಲ."

ಕಮರುನ್ನೀಸಾ ನಕ್ಕಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಕ್ಕಂತೆ ಇತ್ತು ಅದು. ಅಂಬರೇಶನ ಕಡೆ ತಿರುಗಿ, ಮದುವೆಯಾಗಿದೆಯೇ ಬೇಟಾ ಎಂದು ಕೇಳಿದಳು. ಆಗುವುದಿದೆ ಎಂದ. ಹಾಗಾದರೆ ಮೆರವಣಿಗೆಗೆ ಮುನ್ನಿಯನ್ನೇ ಕರೆಯಬೇಕು, ಮರೆಯಬಾರದು ಎಂದಳು.

ಜಬೀನ್ ಮುನ್ನಿಯ ಬೆನ್ನೇರಿ ಅಂಗಳದ ನಡುವೆ ತಂದಳು. ಹೊರಸಿನ ಮೇಲಿಟ್ಟ ಫೋನಿನಲ್ಲಿ ನಯೀಮ ಡೋಲಿನ ಬಡಿತ ಹಚ್ಚಿದ. ಕುದುರೆ ಮೊದಲು ನಿಂತಲ್ಲೇ ಹೆಜ್ಜೆ ಹಾಕಿತು, ಗೆಜ್ಜೆ ಕೂಡಿಕೊಂಡಿತು. ಬಡಿತ ಏರಿತು. ಜಬೀನ್ ಲಗಾಮು ಎತ್ತಿದಳು, ಮುನ್ನಿ ಮುಂಗಾಲುಗಳನ್ನು ಫರಸಿಯಿಂದ ಎತ್ತಿ ಒಂದು ಗಳಿಗೆ ನೆಟ್ಟಗೆ ನಿಂತು, ಇಳಿಯಿತು. ನಯೀಮ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಎಂದ.

ರತ್ನದೀಪ ಕಾರಿನಲ್ಲಿ ಕುಳಿತು ಹಾರ್ನ್ ಬಾರಿಸಿದರು. ಚಿಂಚೋಳಿಯ ಕಡೆ ಇನ್ನೊಂದು ಮನೆಗೆ ಹೋಗಬೇಕಿತ್ತು. ಅಂಬರೇಶ ತೊಳೆದ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಗೇಟಿನ ತನಕ ಹೋದ. ಅಲ್ಲಿ ನಿಂತ. ಮುನ್ನಿ ಎರಡನೆಯ ಸಲ ಎದ್ದು ನಿಲ್ಲುವುದನ್ನು ನೋಡಿದ. ಜಬೀನ್ ಗೇಟಿನ ಕಡೆ ತಿರುಗಿ, "ಅಣ್ಣಾ, ಈಗ ಬರೋಬ್ಬರಿ ಅದ ಏನ್ರಿ?" ಎಂದು ಗದ್ದದ ಪಟ್ಟಿ ಮುಟ್ಟಿ ತೋರಿಸಿದಳು.

ಅವನು ಕೈಯೆತ್ತಿದ. ಅವಳು ಅದನ್ನು ಹೌದು ಎಂದುಕೊಂಡಳು.

ಆಮೇಲೆ ಅವನು ಕಾರು ಹತ್ತಿದ. ತಪ್ಪು ನಿನ್ನದಲ್ಲ ಎಂದು ನಯೀಮನಿಗೆ ಅವನು ಹೇಳಲಿಲ್ಲ, ಇಳಿ ಎಂದು ಜಬೀನಳಿಗೂ ಹೇಳಲಿಲ್ಲ.